ಹೊಳೆ ದಂಡೆಯ ಎಂಜಿನ್, ಘಾಟಗೆಯವರ ವಿಮಾನ

ಬೇಸಿಗೆ ಬಂತೆಂದರೆ ನಮ್ಮ ಮಾಗಳದಲ್ಲಿ ತುಂಗಭದ್ರೆ ದಂಡೆ ಬಿಟ್ಟು ದೂರ ಸರಿಯುತ್ತಾಳೆ. ಮಳೆಗಾಲದಲ್ಲಿ ಹೊಲದ ಬದುವಿನ ಸಮೀಪಕ್ಕೆ ಬರುವ ನೀರು, ಏಪ್ರಿಲ್ ಹೊತ್ತಿಗೆ ಮರಳಿನ ನಡುವೆ ತೆಳ್ಳಗೆ ಹರಿಯುತ್ತಿರುತ್ತದೆ. ಆಗ ನಮ್ಮ ಮನೆಯಲ್ಲಿ ಪ್ರತಿವರ್ಷ ಒಂದು ಕೆಲಸ ಇದ್ದೇ ಇರುತ್ತದೆ. ದಂಡೆಯ ಮೇಲಿರುವ ಡೀಸೆಲ್ ಎಂಜಿನ್ ಮತ್ತು ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಬೇಕು. ಅಪ್ಪ, ದೊಡ್ಡಪ್ಪ, ಅಕ್ಕಪಕ್ಕದ ಹೊಲದವರು ಹಗ್ಗ ಕಟ್ಟಿ, ಬಿದಿರು ಕೊಟ್ಟು, ಹೆಗಲು ಕೊಟ್ಟು ಇಳಿಸುತ್ತಾರೆ. ಏಳನೇ ತರಗತಿಯಿಂದ ನಾನೂ ಆ ಬಿದಿರಿಗೆ ಹೆಗಲು ಕೊಟ್ಟಿದ್ದೇನೆ. ಪೈಪು ಉದ್ದ ಮಾಡಿದರೆ ಸಾಲದೇ, ಎಂಜಿನ್ನನ್ನೇ ಯಾಕೆ ಹೊರಬೇಕು ಎಂದು ಒಮ್ಮೆಯೂ ಕೇಳಲಿಲ್ಲ. ಮೇಲಿದ್ದರೆ ಅದು ನೀರು ಎಳೆಯುವುದಿಲ್ಲ, ಅಷ್ಟೇ ಗೊತ್ತಿತ್ತು.

ಈ ಅಷ್ಟೇ ಎನ್ನುವುದು ನನಗೆ ಒಂದು ಕೆಲಸವನ್ನು ತಪ್ಪಿಸಿತು.

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮೇಲೆ ಬೆಂಗಳೂರಿನಲ್ಲಿ ವಿಮಾನಗಳ ದುರಸ್ತಿ ನೋಡಿಕೊಳ್ಳುವ ಒಂದು ಸಂಸ್ಥೆಯ ಟ್ರೈನಿ ಹುದ್ದೆಗೆ ಸಂದರ್ಶನಕ್ಕೆ ಹೋಗಿದ್ದೆ. ಹಡಗಲಿಯಿಂದ ರಾತ್ರಿ ಬಸ್ಸು ಹತ್ತಿ, ಬೆಳಿಗ್ಗೆ ಬಸ್ ನಿಲ್ದಾಣದಲ್ಲೇ ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಬದಲಿಸಿ ಹೋದೆ. ರೆಕ್ಕೆಯ ಟ್ಯಾಂಕಿನಿಂದ ಎಂಜಿನ್‌ಗೆ ಇಂಧನ ಹೇಗೆ ಹೋಗುತ್ತದೆ ಎಂದು ಕೇಳಿದರು. ಪಂಪಿನಿಂದ ಎಂದೆ. ಆ ಪಂಪನ್ನು ಎಂಜಿನ್ ಪಕ್ಕದಲ್ಲಿ ಇಡುವ ಬದಲು ಟ್ಯಾಂಕಿನ ತಳದಲ್ಲೇ, ಇಂಧನದಲ್ಲಿ ಮುಳುಗಿಸಿ ಯಾಕೆ ಇಡುತ್ತಾರೆ ಎಂದು ಕೇಳಿದರು. ನನಗೆ ಬಾಯಿ ಬರಲಿಲ್ಲ. ಫ್ಯಾನಿನ ಸದ್ದು ಕೇಳುತ್ತಾ ಕುಳಿತೆ. ತಿಳಿಸುತ್ತೇವೆ ಎಂದರು. ಫೋನು ಬರಲೇ ಇಲ್ಲ.

ವಾಪಸ್ ಬಸ್ಸು ರಾತ್ರಿಗಿತ್ತು. ಹೊತ್ತು ಕಳೆಯಲೆಂದು ಎಚ್‌ಎಎಲ್‌ನ ಪರಂಪರಾ ಕೇಂದ್ರಕ್ಕೆ ಹೋದೆ. ಅಲ್ಲಿ ಕಂಡ ಹೆಸರು ಡಾ. ವಿ.ಎಂ. ಘಾಟಗೆ. ಭಾರತದಲ್ಲೇ ವಿನ್ಯಾಸಗೊಂಡು ಹಾರಿದ ಎಚ್‌ಟಿ–2 ವಿಮಾನದ ಹಿಂದಿದ್ದವರು. ಎಂಜಿನಿಯರಿಂಗ್ ಓದಿದ ನಾನು ಆ ಹೆಸರನ್ನೇ ಕೇಳಿರಲಿಲ್ಲ. ನಾಚಿಕೆ ಆಯಿತು. ಊರಿಗೆ ಬಂದ ಮೇಲೆ ಸಿಕ್ಕಿದ್ದೆಲ್ಲ ಹುಡುಕಿ ಓದಿದೆ. ಅವರ ಬದುಕನ್ನು ಓದುತ್ತಾ ಹೋದಂತೆ ನನ್ನನ್ನು ಸೋಲಿಸಿದ ಪ್ರಶ್ನೆಗೆ ಉತ್ತರವೂ ಮೆಲ್ಲಗೆ ತೆರೆದುಕೊಂಡಿತು. ನನ್ನ ಹಾಗೆ ಅರ್ಜಿ ಹಾಕುತ್ತಾ ಕಾಯುತ್ತಿರುವವರ ಜತೆ ಅದನ್ನು ಹಂಚಿಕೊಳ್ಳಬೇಕು ಅನ್ನಿಸಿತು.

ವಿಷ್ಣು ಮಾಧವ ಘಾಟಗೆ ಹುಟ್ಟಿದ್ದು 1908ರ ಅಕ್ಟೋಬರ್ 24ರಂದು, ಕೊಲ್ಹಾಪುರ ಸೀಮೆಯ ಒಂದು ಹಳ್ಳಿಯಲ್ಲಿ. ನಮ್ಮ ಬೆಳಗಾವಿ ಗಡಿಗೆ ಹತ್ತಿರದ ನಾಡು ಅದು. ರೈಟ್ ಸಹೋದರರು ಮೊದಲ ಬಾರಿ ಹಾರಿ ಆಗಿನ್ನೂ ಐದು ವರ್ಷವಾಗಿತ್ತು. ಭಾರತದಲ್ಲಿ ವಿಮಾನ ನೋಡಿದವರೇ ಇರಲಿಲ್ಲ. ಅಂಥ ಹಳ್ಳಿಯ ಹುಡುಗ ಓದುತ್ತಾ ಓದುತ್ತಾ ಜರ್ಮನಿಯ ಗೋಟಿಂಗನ್ ವಿಶ್ವವಿದ್ಯಾಲಯ ತಲುಪಿದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಲುಡ್ವಿಗ್ ಪ್ರಾಂಟ್ಲ್. ಗಾಳಿಯಾಗಲಿ ನೀರಾಗಲಿ ಒಂದು ಮೈಗೆ ತಾಗಿ ಹರಿಯುವಾಗ, ಆ ಮೈಗೆ ಅಂಟಿದಂತಿರುವ ತೆಳುವಾದ ಪದರದಲ್ಲಿ ಏನಾಗುತ್ತದೆ ಎಂಬುದನ್ನು 1904ರಲ್ಲೇ ವಿವರಿಸಿ ಹೆಸರಾದ ವಿಜ್ಞಾನಿ. ವಾಯುಚಲನಶಾಸ್ತ್ರ ಇವತ್ತಿಗೂ ಆ ತಳಪಾಯದ ಮೇಲೆ ನಿಂತಿದೆ. ಪ್ರಾಂಟ್ಲ್ ಅವರ ಕೈಕೆಳಗೆ ಓದಿದ ಮೊದಲ ಭಾರತೀಯ ಎಂದು ಘಾಟಗೆಯವರನ್ನು ಗುರುತಿಸುತ್ತಾರೆ. 1936ರಲ್ಲಿ ಡಾಕ್ಟರೇಟ್ ಕೈಗೆ ಬಂತು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿ ಲೆಕ್ಕ ಹಾಕಿದೆ. 1936ರಲ್ಲಿ ಭಾರತದಲ್ಲಿ ಒಂದೇ ಒಂದು ವಿಮಾನ ಕಾರ್ಖಾನೆ ಇರಲಿಲ್ಲ. ಜಗತ್ತಿನ ದೊಡ್ಡ ಗುರುವಿನ ಬಳಿ ವಿಮಾನದ ವಿಜ್ಞಾನ ಕಲಿತವರಿಗೆ ಸ್ವಂತ ದೇಶದಲ್ಲಿ ಆ ಕೆಲಸವೇ ಇರಲಿಲ್ಲ. ಅವರು ಕಾಲೇಜಿನಲ್ಲಿ ಪಾಠ ಹೇಳಿದರು. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಶುರು ಮಾಡಿದ್ದು 1940ರ ಡಿಸೆಂಬರ್‌ನಲ್ಲಿ. ಆಗ ದಿವಾನರಾಗಿದ್ದವರು ಮಿರ್ಜಾ ಇಸ್ಮಾಯಿಲ್. ಅಂದರೆ ಪದವಿಗೂ ಅದಕ್ಕೆ ತಕ್ಕ ಕಾರ್ಖಾನೆಗೂ ನಡುವೆ ನಾಲ್ಕು ವರ್ಷ. ಎರಡು ವರ್ಷಕ್ಕೇ ಕುಸಿದು ಕುಳಿತಿದ್ದ ನನಗೆ ಆ ಲೆಕ್ಕ ಒಂದಿಷ್ಟು ಉಸಿರು ಕೊಟ್ಟಿತು.

ಬೆಂಗಳೂರಿಗೆ ಬಂದ ಘಾಟಗೆಯವರು ಮೊದಲು ವಿನ್ಯಾಸ ಮಾಡಿದ್ದು ಜಿ–1 ಎಂಬ ಹತ್ತು ಆಸನದ ಗ್ಲೈಡರ್. ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಲೆಂದು ಯೋಚಿಸಿದ್ದು. ಗ್ಲೈಡರ್‌ಗೆ ಎಂಜಿನ್ ಇಲ್ಲ, ಟ್ಯಾಂಕಿಲ್ಲ, ಪಂಪಿಲ್ಲ. ಇನ್ನೊಂದು ವಿಮಾನ ಎಳೆದುಕೊಂಡು ಹೋಗಿ ಮೇಲೆ ಬಿಟ್ಟರೆ ರೆಕ್ಕೆಯ ಬಲದಿಂದಲೇ ತೇಲಿ ಇಳಿಯಬೇಕು. ಅದು ಸರಣಿಯಾಗಿ ತಯಾರಾಗಲಿಲ್ಲ. ಆದರೆ ಗಾಳಿಯನ್ನು ಮಾತ್ರ ನಂಬಿದ ಆ ಹಾರಾಟದಿಂದ ಶುರು ಮಾಡಿ, ಮುಂದೆ ಜೆಟ್ ವಿಮಾನದವರೆಗೆ ಹೋದರು ಎಂಬುದೇ ಅವರ ಬದುಕಿನ ನಕ್ಷೆ. ಆ ಒಂದೊಂದು ಮೆಟ್ಟಿಲಲ್ಲೂ ಇಂಧನದ ಪ್ರಶ್ನೆ ಹೊಸದಾಗಿ ಎದುರಾಗುತ್ತದೆ.

ಯುದ್ಧ ಜೋರಾದಾಗ ಎಚ್‌ಎಎಲ್ ಅಮೆರಿಕದ ಸೇನಾ ವಿಮಾನಗಳ ದುರಸ್ತಿ ಕೇಂದ್ರವಾಯಿತು. 1942ರ ಕೊನೆಗೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದನ್ನು ಕಟ್ಟುವ ಹೊಣೆ ಘಾಟಗೆಯವರ ಹೆಗಲಿಗೆ ಬಂತು. ಗೋಟಿಂಗನ್‌ನಲ್ಲಿ ಕಲಿತದ್ದನ್ನು ಇಲ್ಲಿನ ಹುಡುಗರಿಗೆ ಹೇಳಿಕೊಟ್ಟರು. ಯುದ್ಧ ಮುಗಿದ ಮೇಲೆ ಎಚ್‌ಎಎಲ್‌ಗೆ ಕೆಲಸವೇ ಇರಲಿಲ್ಲ. ಕಾರ್ಖಾನೆ ರೈಲು ಬೋಗಿ ಕಟ್ಟಿತು, ಬಸ್ಸಿನ ಬಾಡಿ ಕಟ್ಟಿತು. ಸ್ವಾತಂತ್ರ್ಯ ಬಂದ ಬಳಿಕ ಅದೇ ಜಾಗಕ್ಕೆ ಮರಳಿ ಬಂದು, ಪೈಲಟ್‌ಗಳಿಗೆ ಮೊದಲ ಪಾಠ ಕಲಿಸುವ ವಿಮಾನವನ್ನು ನಾವೇ ವಿನ್ಯಾಸ ಮಾಡೋಣ ಎಂದು ತಂಡ ಕಟ್ಟಿದವರು ಘಾಟಗೆ. ಅದೇ ಎಚ್‌ಟಿ–2. 1951ರ ಆಗಸ್ಟ್‌ನಲ್ಲಿ ಬೆಂಗಳೂರಿನ ಆಕಾಶದಲ್ಲಿ ಹಾರಿತು.

ಎಚ್‌ಟಿ–2 ಎರಡು ಆಸನದ ಪುಟ್ಟ ವಿಮಾನ. ತಯಾರಿಕೆಗೆ ಹೋದಾಗ ಅದಕ್ಕಿದ್ದದ್ದು 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ರೆಕ್ಕೆ ಕೆಳಗಡೆ, ಪೈಲಟ್ ಅದರ ಮೇಲೆ ಕೂರುತ್ತಾನೆ. ಕೆಳರೆಕ್ಕೆಯ ವಿಮಾನ ಎಂದರೆ ಇಂಧನದ ವಿಷಯದಲ್ಲಿ ಏನರ್ಥ ಎಂದು ಓದಿದಾಗ ನನಗೆ ನಮ್ಮ ಮನೆಯ ಮಾಳಿಗೆ ನೆನಪಾಯಿತು. ಮಾಳಿಗೆ ಮೇಲಿನ ಸಿಂಟೆಕ್ಸ್ ಟ್ಯಾಂಕಿನಿಂದ ನಲ್ಲಿಗೆ ನೀರು ತಾನಾಗಿ ಇಳಿಯುತ್ತದೆ. ಬಾವಿಯ ನೀರನ್ನು ಎತ್ತಬೇಕು. ರೆಕ್ಕೆ ಮೇಲಿರುವ ಸಣ್ಣ ವಿಮಾನಗಳಲ್ಲಿ ಟ್ಯಾಂಕು ಎಂಜಿನ್‌ಗಿಂತ ಎತ್ತರದಲ್ಲಿರುತ್ತದೆ, ಪೆಟ್ರೋಲು ತನ್ನ ಭಾರಕ್ಕೇ ಇಳಿಯುತ್ತದೆ, ಪಂಪು ಬೇಕಾಗುವುದಿಲ್ಲ. ರೆಕ್ಕೆ ಕೆಳಗಿದ್ದರೆ ಪಂಪು ಬೇಕೇ ಬೇಕು. ಎಂಜಿನ್ ತಿರುಗುವಾಗ ಅದೇ ಒಂದು ಪಂಪನ್ನು ತಿರುಗಿಸುತ್ತದೆ. ಅದು ಕೆಟ್ಟರೆ ಎಂದು ಇನ್ನೊಂದು ಪಂಪನ್ನು ಬೇರೆಯಾಗಿ ಇಟ್ಟಿರುತ್ತಾರೆ. ಹೊಲದಲ್ಲಿ ಎಂಜಿನ್ ನಿಂತರೆ ಒಂದು ದಿನದ ನೀರು ತಪ್ಪುತ್ತದೆ. ಆಕಾಶದಲ್ಲಿ ನಿಂತರೆ ಬದಿಗೆ ನಿಲ್ಲಿಸಿ ನೋಡಲು ಜಾಗವಿಲ್ಲ. ಹಾಗಾಗಿ ವಿಮಾನದಲ್ಲಿ ಮುಖ್ಯವಾದದ್ದು ಯಾವುದೂ ಒಂಟಿಯಾಗಿರುವುದಿಲ್ಲ.

ಇಂಧನವನ್ನು ರೆಕ್ಕೆಯಲ್ಲಿ ಯಾಕೆ ಇಡುತ್ತಾರೆ ಎಂಬುದಕ್ಕೂ ನಮ್ಮೂರಿನಲ್ಲೇ ಉತ್ತರವಿದೆ. ಎತ್ತಿನ ಬಂಡಿಗೆ ಹೇರು ಹಾಕುವಾಗ ಭಾರ ಹಿಂದಕ್ಕೆ ಹೆಚ್ಚಾದರೆ ನೊಗ ಮೇಲೇಳುತ್ತದೆ, ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ತಿಳಿದವರು ಅಚ್ಚಿನ ಮೇಲೆ ಸಮನಾಗಿ ಹೇರುತ್ತಾರೆ. ವಿಮಾನಕ್ಕೂ ಹಾಗೇ ಒಂದು ಭಾರಕೇಂದ್ರ ಇದೆ. ಹಾರುತ್ತಾ ಹೋದಂತೆ ಇಂಧನ ಖರ್ಚಾಗಿ ತೂಕ ಇಳಿಯುತ್ತದೆ. ಟ್ಯಾಂಕು ಮೂತಿಯಲ್ಲೋ ಬಾಲದಲ್ಲೋ ಇದ್ದರೆ ಆ ಕೇಂದ್ರ ಜಾರುತ್ತಾ ಹೋಗುತ್ತದೆ. ರೆಕ್ಕೆ ಇರುವುದು ಹೆಚ್ಚುಕಡಿಮೆ ಅಚ್ಚಿನ ಜಾಗದಲ್ಲೇ. ಇನ್ನೊಂದು ಲಾಭವೂ ಇದೆ. ಹಾರುವಾಗ ಗಾಳಿ ರೆಕ್ಕೆಯನ್ನು ಮೇಲಕ್ಕೆ ಬಾಗಿಸಲು ನೋಡುತ್ತದೆ, ಒಳಗಿನ ಇಂಧನದ ತೂಕ ಅದನ್ನು ಕೆಳಕ್ಕೆ ಹಿಡಿಯುತ್ತದೆ. ಹೀಗೆ ರೆಕ್ಕೆಯ ಬುಡಕ್ಕೆ ಬೀಳುವ ಒತ್ತಡ ಕಡಿಮೆಯಾಗುತ್ತದೆ.

ಟ್ಯಾಂಕುಗಳಲ್ಲೂ ಮೂರು ಬಗೆ. ಲೋಹದ ಡಬ್ಬಿಯಂಥದ್ದು ಒಂದು. ರಬ್ಬರಿನ ಚೀಲದಂತೆ ಮಡಚಿ ಒಳಗೆ ಸೇರಿಸುವುದು ಇನ್ನೊಂದು. ರೆಕ್ಕೆಯ ಒಳಗನ್ನೇ ಸಂದುಗೊಂದು ಬಿಡದೆ ಮುಚ್ಚಿ ಟ್ಯಾಂಕು ಮಾಡುವುದು ಮೂರನೆಯದು. ಬೇರೆ ಡಬ್ಬಿಯ ತೂಕವೇ ಇಲ್ಲದ ಕಾರಣ ದೊಡ್ಡ ವಿಮಾನಗಳಲ್ಲಿ ಈ ಮೂರನೆಯದೇ ಹೆಚ್ಚು. ಒಳಗೆ ಅಡ್ಡ ತಡೆಗಳಿರುತ್ತವೆ. ಇಲ್ಲವಾದರೆ ತಿರುವಿನಲ್ಲಿ ಇಂಧನವೆಲ್ಲ ಒಂದು ಕಡೆಗೆ ನುಗ್ಗುತ್ತದೆ. ತಲೆಯ ಮೇಲಿನ ಕೊಡದಲ್ಲಿ ಅರ್ಧ ನೀರಿದ್ದರೆ ಎಷ್ಟು ತುಳುಕುತ್ತದೆ ಎಂದು ಅವ್ವನನ್ನು ಕೇಳಿದರೆ ಗೊತ್ತು.

ಪ್ರತಿ ಟ್ಯಾಂಕಿಗೂ ಗಾಳಿ ಬರಲು ದಾರಿ ಬೇಕು. ನಮ್ಮ ಎಂಜಿನ್ನಿನ ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ ಒಂದು ಸಣ್ಣ ತೂತಿದೆ. ಒಂದು ಸಲ ಅದಕ್ಕೆ ಕೆಸರು ಮೆತ್ತಿ, ಟ್ಯಾಂಕು ತುಂಬಿದ್ದರೂ ಎಂಜಿನ್ ನಿಂತುನಿಂತು ಓಡಿತ್ತು. ಅಪ್ಪ ಕಡ್ಡಿಯಿಂದ ತೂತು ಬಿಡಿಸಿದ, ಸರಿಹೋಯಿತು. ಇಂಧನ ಹೊರಗೆ ಹೋದಷ್ಟು ಗಾಳಿ ಒಳಗೆ ಬರದಿದ್ದರೆ ಹರಿವು ನಿಲ್ಲುತ್ತದೆ. ವಿಮಾನದಲ್ಲೂ ಅದೇ ನಿಯಮ. ಹಾಗೆಯೇ ತಳದಲ್ಲಿ ಕೂರುವ ನೀರು. ಇಂಧನಕ್ಕಿಂತ ನೀರು ಭಾರ, ಹಾಗಾಗಿ ಅಡಿಗೆ ಇಳಿಯುತ್ತದೆ. ಹಾರುವ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಹೊರಗೆ ಬಿಟ್ಟು ನೀರಿದೆಯೇ ಎಂದು ನೋಡುವುದು ಪೈಲಟ್‌ನ ಮೊದಲ ಪಾಠಗಳಲ್ಲಿ ಒಂದು. ಅಪ್ಪ ಫಿಲ್ಟರಿನ ಅಡಿಯ ನಟ್ಟು ಸಡಿಲಿಸಿ ಮಾಡುವುದೂ ಅದನ್ನೇ.

ಎಚ್‌ಟಿ–2 ಯಶಸ್ವಿಯಾಯಿತು. ನೂರ ಎಪ್ಪತ್ತರಷ್ಟು ವಿಮಾನಗಳು ತಯಾರಾದವು. ಘಾನಾ ದೇಶವೂ ಕೊಂಡಿತು. ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಮೊದಲು ನೆಲ ಬಿಟ್ಟು ಎದ್ದದ್ದು ಅದರಲ್ಲೇ. ಘಾಟಗೆ ಅಲ್ಲಿಗೆ ನಿಲ್ಲಲಿಲ್ಲ. 1958ರಲ್ಲಿ ಪುಷ್ಪಕ್ ಹಾರಿತು. ರೆಕ್ಕೆ ಮೇಲಿರುವ, 90 ಅಶ್ವಶಕ್ತಿಯ ಹಗುರ ವಿಮಾನ, ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ಮಾಡಿದ್ದು. ಮರುವರ್ಷವೇ ಅದರ ಮಾದರಿಯಲ್ಲಿ ಇನ್ನಷ್ಟು ಬಲದ ಕೃಷಕ್, ಸೇನೆಯ ವೀಕ್ಷಣಾ ಕೆಲಸಕ್ಕೆ. ಅದೇ ಹೊತ್ತಿನಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಮಾರುತ್ ಯುದ್ಧವಿಮಾನದ ವಿನ್ಯಾಸ ನಡೆಸುತ್ತಿದ್ದರು. 1961ರಲ್ಲಿ ಅದು ಹಾರಿತು. ಹೆಸರು, ಸದ್ದು ಎಲ್ಲ ಅದರ ಕಡೆ. ಘಾಟಗೆಯವರ ತಂಡ ಮಾತ್ರ ಕಲಿಯುವವರಿಗೆ ಬೇಕಾದ ವಿಮಾನ ಮಾಡುವ ಕೆಲಸವನ್ನು ಬಿಡಲಿಲ್ಲ. 1964ರ ಸೆಪ್ಟೆಂಬರ್ 4ರಂದು ಅವರ ತಂಡದ ಕಿರಣ್ ಹಾರಿತು. ಅದು ಜೆಟ್ ತರಬೇತಿ ವಿಮಾನ. ಗ್ಲೈಡರ್‌ನಿಂದ ಜೆಟ್‌ಗೆ ಸುಮಾರು ಇಪ್ಪತ್ಮೂರು ವರ್ಷ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಈ ಜೆಟ್ಟಿನ ಹತ್ತಿರ ಬಂದಾಗ. ಜೆಟ್ ಕುಡಿಯುವುದು ಸೀಮೆಎಣ್ಣೆಯ ಜಾತಿಯ ಇಂಧನ. ಕುಡಿಯುವುದೂ ಹೆಚ್ಚು, ಹಾರುವುದೂ ಎತ್ತರದಲ್ಲಿ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸುಮಾರು ಐದೂವರೆ ಕಿಲೋಮೀಟರ್ ಮೇಲೆ ಅದು ನೆಲದ ಮೇಲಿನ ಅರ್ಧ ಮಾತ್ರ. ಪಂಪು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜವಾಗಿ ಪಂಪು ತನ್ನ ಬಾಯಲ್ಲಿ ಒತ್ತಡ ಕಡಿಮೆ ಮಾಡುತ್ತದೆ ಅಷ್ಟೇ. ನೀರನ್ನು ಕೆಳಗಿನಿಂದ ಮೇಲಕ್ಕೆ ತಳ್ಳುವುದು ಹೊಳೆಯ ಮೇಲೆ ಕೂತಿರುವ ಗಾಳಿಯ ಭಾರ. ಆ ಭಾರಕ್ಕೆ ಒಂದು ಮಿತಿ ಇದೆ. ಲೆಕ್ಕದಲ್ಲಿ ಹತ್ತು ಮೀಟರ್, ಕೆಲಸದಲ್ಲಿ ಆರೇಳು ಮೀಟರ್. ಹೊಳೆ ಅದಕ್ಕಿಂತ ಕೆಳಗೆ ಇಳಿದರೆ ಎಷ್ಟೇ ದೊಡ್ಡ ಎಂಜಿನ್ ಇಟ್ಟರೂ ದಂಡೆಯ ಮೇಲಿಂದ ನೀರು ಬರುವುದಿಲ್ಲ. ಎಂಜಿನ್ನನ್ನೇ ಕೆಳಗಿಳಿಸಬೇಕು. ಕೆಳಗಿಟ್ಟ ಮೇಲೆ ಅದೇ ಪಂಪು ನೀರನ್ನು ಎಷ್ಟೋ ಎತ್ತರಕ್ಕೆ ತಳ್ಳುತ್ತದೆ. ಎಳೆಯುವುದಕ್ಕೆ ಮಿತಿ ಗಾಳಿಯದು, ತಳ್ಳುವುದಕ್ಕೆ ಮಿತಿ ಪಂಪಿನದು.

ಎತ್ತರದಲ್ಲಿ ವಿಮಾನದ ಸ್ಥಿತಿ ನಮ್ಮ ಬೇಸಿಗೆಯ ಹೊಳೆಯಂಥದ್ದು. ಇಂಧನದ ಮೇಲೆ ಕೂತಿರುವ ಗಾಳಿ ತೆಳುವಾಗಿರುತ್ತದೆ. ಎಂಜಿನ್ ಪಕ್ಕದ ಪಂಪು ದೂರದಿಂದ ಎಳೆಯಲು ಹೋದರೆ ಪೈಪಿನಲ್ಲಿ ಒತ್ತಡ ಇನ್ನೂ ಇಳಿದು, ಇಂಧನ ಅಲ್ಲೇ ಆವಿಯಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ಹರಿವು ಮುರಿಯುತ್ತದೆ. ಡೀಸೆಲ್ ಪೈಪಿಗೆ ಗಾಳಿ ಹಿಡಿದಾಗ ನಮ್ಮ ಎಂಜಿನ್ ಹೇಗೆ ಉಸಿರುಗಟ್ಟಿ ನಿಲ್ಲುತ್ತದೋ ಹಾಗೆ. ಅದಕ್ಕೇ ಪಂಪನ್ನು ಟ್ಯಾಂಕಿನ ತಳಕ್ಕೆ ಇಳಿಸಿ, ಇಂಧನದಲ್ಲೇ ಮುಳುಗಿಸಿ, ಅಲ್ಲಿಂದ ಒತ್ತಿ ಕಳಿಸುತ್ತಾರೆ. ಎಂಜಿನ್ ಪಕ್ಕದ ಪಂಪು ಅದನ್ನು ಪಡೆದು ಇನ್ನಷ್ಟು ಒತ್ತಡ ಕೊಟ್ಟು ಒಳಗೆ ಸಿಂಪಡಿಸುತ್ತದೆ. ಪೈಲಟ್ ತಲೆಕೆಳಗಾಗಿ ಹಾರಿದರೂ ಕೆಲವು ಕ್ಷಣ ಇಂಧನ ತಪ್ಪದಂತೆ ನೋಡಿಕೊಳ್ಳುವ ಏರ್ಪಾಡೂ ತರಬೇತಿ ವಿಮಾನಗಳಿಗೆ ಬೇಕು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕುಳಿತೆ. ಸಂದರ್ಶನದ ಮೇಜಿನ ಮುಂದೆ ಕುಳಿತಾಗ ನನ್ನ ಹೆಗಲ ಮೇಲೆ ಬಿದಿರಿನ ಗುರುತು ಇನ್ನೂ ಮಾಸಿರಲಿಲ್ಲ. ಉತ್ತರವನ್ನು ನಾನು ಹೊತ್ತು ಇಳಿಸಿದ್ದೆ. ಆದರೆ ಹೊಲದಲ್ಲಿ ಕಂಡದ್ದು ಬೇರೆ, ಪುಸ್ತಕದಲ್ಲಿ ಓದಿದ್ದು ಬೇರೆ ಎಂದುಕೊಂಡಿದ್ದೆ. ಸಕ್ಷನ್ ಹೆಡ್ ಎಂದು ಪರೀಕ್ಷೆಯಲ್ಲಿ ಹತ್ತು ಅಂಕಕ್ಕೆ ಬರೆದಿದ್ದೂ ಇದನ್ನೇ ಎಂದು ಹೊಳೆದಿರಲಿಲ್ಲ. ಘಾಟಗೆಯವರ ಬದುಕು ನನಗೆ ಹತ್ತಿರವಾದದ್ದು ಇದೇ ಕಾರಣಕ್ಕೆ. ಕಪ್ಪು ಹಲಗೆಯ ಮೇಲಿನ ಹರಿವಿನ ಗಣಿತವನ್ನು ಕಲಿತವರು, ಬೋಗಿ ಕಟ್ಟುತ್ತಿದ್ದ ಕಾರ್ಖಾನೆಯಲ್ಲಿ ಆ ಗಣಿತಕ್ಕೆ ರೆಕ್ಕೆ, ಪೈಪು, ನಟ್ಟು, ಬೋಲ್ಟು ತೊಡಿಸಿದರು. ಎರಡರ ನಡುವೆ ಗೋಡೆ ಕಟ್ಟಲಿಲ್ಲ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೆನಡಾದ ಒಂದು ಉದಾಹರಣೆ ಓದಿದೆ. 1983ರ ಜುಲೈನಲ್ಲಿ ಹೊಸ ಬೋಯಿಂಗ್ 767 ಒಂದು ನಡು ಆಕಾಶದಲ್ಲಿ ಇಂಧನ ಖಾಲಿಯಾಗಿ ಎರಡೂ ಎಂಜಿನ್ ನಿಂತವು. ವಿಮಾನದಲ್ಲಿ ಇಂಧನವನ್ನು ತೂಕದಲ್ಲಿ ಲೆಕ್ಕ ಹಿಡಿಯುತ್ತಾರೆ, ಯಾಕೆಂದರೆ ಬಿಸಿಲು ಚಳಿಗೆ ಲೀಟರ್ ಹಿಗ್ಗುತ್ತದೆ ಕುಗ್ಗುತ್ತದೆ, ತೂಕ ಬದಲಾಗುವುದಿಲ್ಲ. ಅಂದು ಕಿಲೋ ಲೆಕ್ಕದಲ್ಲಿ ತುಂಬಬೇಕಾದ ಕಡೆ ಪೌಂಡ್ ಲೆಕ್ಕ ಬಿದ್ದು, ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇಂಧನ ಇತ್ತು. ಪೈಲಟ್ ಅದನ್ನು ಗ್ಲೈಡರ್‌ನಂತೆ ತೇಲಿಸಿ ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಎಲ್ಲರೂ ಬದುಕಿದರು. ಯೂನಿಟ್ ಬರೆಯದಿದ್ದರೆ ಅರ್ಧ ಅಂಕ ಕಳೆಯುತ್ತಿದ್ದ ನಮ್ಮ ಮೇಷ್ಟ್ರ ಮೇಲೆ ನನಗಿದ್ದ ಸಿಟ್ಟು ಅಂದು ಹೋಯಿತು.

1965ರಲ್ಲಿ ಘಾಟಗೆಯವರಿಗೆ ಪದ್ಮಶ್ರೀ ಬಂತು. 1991ರ ಡಿಸೆಂಬರ್ 6ರಂದು ಅವರು ತೀರಿಕೊಂಡರು. ಅವರು ಹೋಗಿ ಐದು ವರ್ಷಕ್ಕೆ, 1996ರಲ್ಲಿ ವಾಯುಪಡೆ ಬೀದರ್‌ನಲ್ಲಿ ಸೂರ್ಯಕಿರಣ್ ತಂಡ ಕಟ್ಟಿತು. ಬಣ್ಣದ ಹೊಗೆ ಬಿಡುತ್ತಾ, ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಹಾರುತ್ತಾ, ಯಲಹಂಕದ ಪ್ರದರ್ಶನದಲ್ಲಿ ಜನರನ್ನು ಬೆರಗುಗೊಳಿಸಿದ ಆ ತಂಡ ಹದಿನೈದು ವರ್ಷ ಹಾರಿಸಿದ್ದು ಅವರ ಕಿರಣ್‌ನ ಮುಂದಿನ ರೂಪವನ್ನೇ. ಚಪ್ಪಾಳೆ ಹೊಡೆದ ಸಾವಿರಾರು ಜನರಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿತ್ತೋ.

ನನಗೆ ಇನ್ನೂ ಕೆಲಸ ಸಿಕ್ಕಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಮತ್ತೆರಡು ಕಡೆ ಅರ್ಜಿ ಹಾಕಿದ್ದೇನೆ, ಹಡಗಲಿಯ ಗ್ರಂಥಾಲಯದಲ್ಲಿ ಸಂಜೆಯವರೆಗೆ ಓದುತ್ತೇನೆ. ಓದುವ ರೀತಿ ಮಾತ್ರ ಬದಲಾಗಿದೆ. ಪುಸ್ತಕದಲ್ಲಿ ಒಂದು ಸೂತ್ರ ಬಂದರೆ ಅದು ನಮ್ಮೂರಿನಲ್ಲಿ ಎಲ್ಲಿದೆ ಎಂದು ಹುಡುಕುತ್ತೇನೆ. ಹೆಚ್ಚಿನ ಸಲ ಸಿಗುತ್ತದೆ. ಕೋಚಿಂಗಿಗೆ ಹೋಗಲು ದುಡ್ಡಿಲ್ಲದ ಗೆಳೆಯರಿಗೆ ನಾನು ಹೇಳಬಹುದಾದದ್ದು ಇಷ್ಟೇ. ನಿಮ್ಮ ಮನೆಯಲ್ಲಿ ಯಾರಾದರೂ ಒಂದು ಯಂತ್ರವನ್ನು ದಿನವೂ ಮುಟ್ಟುತ್ತಿದ್ದರೆ ಅವರ ಪಕ್ಕದಲ್ಲಿ ಕುಳಿತು ಯಾಕೆ ಎಂದು ಕೇಳಿ. ಅವರಿಗೆ ಉತ್ತರ ಹೇಳಲು ಬಾರದಿದ್ದರೆ ಪುಸ್ತಕವನ್ನು ಕೇಳಿ.

ಈ ವರ್ಷವೂ ಎಂಜಿನ್ ಇಳಿಸಿದೆವು. ಮರಳಿನ ಮೇಲೆ ಅದನ್ನು ಕೂರಿಸಿ ಬೆವರು ಒರೆಸಿಕೊಳ್ಳುವಾಗ, ನಾವು ಅದನ್ನು ಯಾಕೆ ಹೊತ್ತು ತಂದೆವು, ಬೆಂಗಳೂರಿನಲ್ಲಿ ಘಾಟಗೆ ಎಂಬುವರ ವಿಮಾನಕ್ಕೂ ಇದಕ್ಕೂ ಏನು ಸಂಬಂಧ ಎಂದು ಅಪ್ಪನಿಗೆ ವಿವರಿಸಿದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಪೈಪಿಗೆ ಗಾಳಿ ಹಿಡಿದಿದೆಯೇನೋ ನೋಡು ಎಂದು ಪಾನಾ ನನ್ನ ಕೈಗೆ ಕೊಟ್ಟ. ನಟ್ಟು ಸಡಿಲಿಸಿದೆ. ಗುಳ್ಳೆಗಳು ಒಂದೊಂದಾಗಿ ಹೋಗಿ ಡೀಸೆಲ್ ಸಲೀಸಾಗಿ ಇಳಿಯತೊಡಗಿತು. ಬಿಗಿ ಮಾಡಿ, ಹ್ಯಾಂಡಲ್ ತಿರುಗಿಸಿದೆ. ದಂಡೆಯ ಮೇಲೆ, ಹೊಲದ ಕಾಲುವೆಯ ಬಾಯಲ್ಲಿ, ನೀರು ಬಿತ್ತು.